ಕತ್ತಲೆ ಕೋಣೆಗೆ ಬಂದ ಕೃತ್ತಿಕೆ

ಚನ್ನಗಿರಿಯ ಬೆನಕಪ್ಪನ ಸ್ಟುಡಿಯೋದಲ್ಲಿ ಫೋಟೋ ಹಿಡಿಸಿಕೊಂಡ ಹುಡುಗಿ ಮದುವೆಯಾಗದೆ ಉಳಿದದ್ದು ಆ ತಾಲ್ಲೂಕಿನ ಚರಿತ್ರೆಯಲ್ಲೇ ಇಲ್ಲ. ಫೋಟೋ ನೋಡಿ ಒಪ್ಪಿದ ಗಂಡು ತಾಳಿ ಕಟ್ಟುವ ಹೊತ್ತಿಗೆ ತಲೆ ಎತ್ತಿ ನೋಡಿ, ಇವಳೇನಾ ಅವಳು ಅಂತ ಅಯ್ನೋರ ಕಿವಿಯಲ್ಲಿ ಕೇಳಿದ್ದು ಮಾತ್ರ ಹತ್ತು ಹದಿನೈದು ಸಲ ನಡೆದಿದೆ. ಈ ಪವಾಡ ಬೆನಕಪ್ಪನದಲ್ಲ, ಅವನ ಹೆಂಡತಿ ರುದ್ರಾಣಿಯದು. ಕ್ಯಾಮೆರಾ ಒತ್ತುವುದು ಗಂಡ, ನೆಗೆಟಿವ್ ಮೇಲೆ ಟಚಿಂಗ್ ಮಾಡುವುದು ಹೆಂಡತಿ. ಮೊಡವೆಯ ಗುಂಡಿಯನ್ನು ಚೂಪು ಪೆನ್ಸಿಲ್ಲಿನಿಂದ ತುಂಬುವಳು. ನೆಗೆಟಿವ್ ಮೇಲೆ ಕರಿ ಚುಕ್ಕೆ ಕಂಡರೆ, ಅದು ಫೋಟೋದಲ್ಲಿ ಬಿಳಿ ಕಲೆಯಾಗಿ ಬೀಳುತ್ತದಲ್ಲ, ಅದನ್ನು ಕೂದಲೆಳೆಯಂಥ ಅಲಗಿನ ಚಾಕುವಿನಿಂದ ಕೆರೆದು ತೆಗೆಯುವಳು. ಹತ್ತು ಹನ್ನೊಂದು ವರ್ಷದಲ್ಲಿ ಅವಳು ಅಳಿಸಿದ ಕಲೆಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ದರೆ ಚನ್ನಗಿರಿಯ ಕೋಟೆ ಗುಡ್ಡಕ್ಕೆ ಜೋಡಿ ಗುಡ್ಡವೊಂದು ಎದ್ದು, ಅದರ ಮೇಲೂ ಒಂದು ದೇವಸ್ಥಾನ ಕಟ್ಟಬಹುದಿತ್ತು.

ಬೆನಕಪ್ಪ ಹುಟ್ಟಿದ್ದು ನ್ಯಾಮತಿ ಹತ್ತಿರದ ಗೋವಿನಕೋವಿಯಲ್ಲಿ. ಹೊನ್ನಾಳಿಯ ಫೋಟೋಗ್ರಾಫರ್ ಒಬ್ಬರ ಕೈಕೆಳಗೆ ಆರು ವರ್ಷ ಟ್ರೇ ತೊಳೆದು ಕಸುಬು ಕಲಿತ. ಬೆರಳಿಗೆ ಹತ್ತಿದ, ಫೋಟೋ ತೊಳೆಯುವ ಹೈಪೋದ ವಾಸನೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅವನು ಕಲಸಿದ ಅನ್ನವನ್ನು ಮನೆಯ ಬೆಕ್ಕು ಸಹ ಮೂಸಿ ನೋಡಿ ಮುಂದಕ್ಕೆ ಹೋಗುತ್ತಿತ್ತು. ಎಪ್ಪತ್ತಮೂರರಲ್ಲಿ ಚನ್ನಗಿರಿಗೆ ಬಂದು, ಅಡಿಕೆ ವ್ಯಾಪಾರಿ ಷಣ್ಮುಖಪ್ಪನವರ ಕಟ್ಟಡದಲ್ಲಿ ಎರಡು ಕೋಣೆ ಹಿಡಿದ. ಮುಂದಿನದು ಸ್ಟುಡಿಯೋ. ಹಿಂದಿನದು ಮೂರೂವರೆ ಅಡಿ ಅಗಲ, ಏಳು ಅಡಿ ಉದ್ದ, ಕಿಟಕಿ ಇಲ್ಲ, ಅದು ಡಾರ್ಕ್‌ರೂಮು. ಅದರೊಳಗೆ ಬೆನಕಪ್ಪ ಸೀನಬೇಕಾದರೂ ಬಾಗಿಲು ತೆರೆದು ಹೊರಗೆ ಬಂದು ಸೀನಿ ಹೋಗಬೇಕು.

ಎಂಬತ್ತರ ಫೆಬ್ರುವರಿಯಲ್ಲಿ ದೊಡ್ಡ ಸೂರ್ಯಗ್ರಹಣ ಬಂತು. ಊರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಾಗ ಬೆನಕಪ್ಪ ಒಬ್ಬನೇ ಮಾಳಿಗೆ ಹತ್ತಿದ. ಹಾಡಹಗಲಲ್ಲಿ ಬೆಳಕು ಬೂದಿಯಾಗಿ, ಸೂರ್ಯನ ಆ ಕಡೆ ಒಂದು ಚುಕ್ಕಿ ಹೊಳೆಯಿತು. ಕೆಳಗೆ ಇಳಿದು ಬಂದವನು ಮತ್ತೆ ಮೊದಲಿನ ಬೆನಕಪ್ಪ ಆಗಲಿಲ್ಲ. ಮದುಮಕ್ಕಳ ಫೋಟೋ ಹಿಡಿಯುವಾಗಲೂ ತಲೆ ಮೇಲೆತ್ತಿ ಚಪ್ಪರದ ಸಂದಿಯಿಂದ ಆಕಾಶ ನೋಡುವನು.

ಚುಕ್ಕಿ ಹಿಡಿಯುವುದು ಹುಡುಗಿ ಹಿಡಿದಷ್ಟು ಸುಲಭವಲ್ಲ. ಕ್ಯಾಮೆರಾದ ಬಾಯಿ ಹತ್ತು ನಿಮಿಷ ತೆರೆದಿಟ್ಟರೆ ಅಷ್ಟರಲ್ಲಿ ಆಕಾಶ ಸರಿದು, ಒಂದೊಂದು ಚುಕ್ಕಿಯೂ ಅಕ್ಕಿಯೊಳಗಿನ ಹುಳದಂತೆ ಉದ್ದಕ್ಕೆ ಬೀಳುತ್ತದೆ. ರದ್ದಿ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಇದಕ್ಕೆ ಮದ್ದಿತ್ತು. ಎರಡು ಹಲಗೆ, ನಡುವೆ ಬಾಗಿಲಿನ ಒಂದು ಕೀಲು, ಕೆಳಗಿನಿಂದ ಮೇಲಿನ ಹಲಗೆಯನ್ನು ಎತ್ತುವ ಒಂದು ಬೋಲ್ಟು. ಕೀಲನ್ನು ಧ್ರುವ ನಕ್ಷತ್ರಕ್ಕೆ ನೇರ ಮಾಡಿ, ಮೇಲಿನ ಹಲಗೆಗೆ ಕ್ಯಾಮೆರಾ ಕಟ್ಟಿ, ನಿಮಿಷಕ್ಕೆ ಒಂದು ಸುತ್ತು ಬೋಲ್ಟು ತಿರುಗಿಸಿದರೆ ಕ್ಯಾಮೆರಾವೂ ಆಕಾಶದ ಜೊತೆಗೇ ಸರಿಯುತ್ತದೆ. ಕೀಲಿನಿಂದ ಬೋಲ್ಟಿಗೆ ಹನ್ನೊಂದೂಕಾಲು ಇಂಚು, ಮೇಲೆ ಒಂದೂವರೆ ನೂಲು. ಬಡಗಿ ಓಬಣ್ಣ ಆ ಒಂದೂವರೆ ನೂಲಿಗೆ ನಕ್ಕು, ಅಷ್ಟು ಸೂಕ್ಷ್ಮ ನಾನು ನನ್ನ ಮಗಳ ಮಂಚಕ್ಕೂ ನೋಡಿಲ್ಲ ಅಂದ. ಬೆನಕಪ್ಪ ನಾಲ್ಕು ಸಲ ಬಿಚ್ಚಿಸಿ ನಾಲ್ಕು ಸಲ ಮಾಡಿಸಿದ. ಐದನೆಯ ಸಲ ಓಬಣ್ಣ ಅವನು ಬರುವುದನ್ನು ಕಂಡು ಹಿತ್ತಲ ಬಾಗಿಲಿನಿಂದ ನಲ್ಲೂರಿಗೇ ಹೋಗಿಬಿಟ್ಟನಂತೆ.

ಉಳಿದದ್ದು ಗಡಿಯಾರದ ಕಷ್ಟ. ಒಂದು ಕೈ ಬೋಲ್ಟಿನ ಮೇಲೆ, ಕಣ್ಣು ಚುಕ್ಕಿಯ ಮೇಲೆ. ಕತ್ತಲಲ್ಲಿ ಗಡಿಯಾರ ನೋಡುವವರು ಯಾರು? ಬೆನಕಪ್ಪನ ತಾಯಿ ದ್ಯಾಮಮ್ಮ ನಲವತ್ತು ವರ್ಷದಿಂದ ದಿನಾ ಜಪ ಮಾಡುವವಳು. ಮಗ ಒಂದು ದಿನ ಅವಳ ಹಿಂದೆ ಕೂತು ಗಡಿಯಾರ ಹಿಡಿದು ನೋಡಿದ. ಹದಿನೈದು ಸೆಕೆಂಡಿಗೆ ಸರಿಯಾಗಿ ಹತ್ತು ‘ಓಂ ನಮಃ ಶಿವಾಯ’. ಮಾರನೆಯ ದಿನವೂ ಹತ್ತು. ಹಬ್ಬದ ದಿನವೂ ಹತ್ತು. ಆಕಾಶವಾಣಿಯವರು ಟೈಮು ತಪ್ಪಿದರೂ ದ್ಯಾಮಮ್ಮ ತಪ್ಪುವವಳಲ್ಲ. ಹತ್ತಕ್ಕೊಮ್ಮೆ ಅವಳು ‘ಶಿವಾ’ ಅಂತ ದನಿ ಎತ್ತಬೇಕು, ಅವನು ಬೋಲ್ಟನ್ನು ಕಾಲು ಸುತ್ತು ತಿರುಗಿಸಬೇಕು. ಆಕಾಶಕ್ಕೂ ಭೂಮಿಗೂ ಹೀಗೆ ಅವ್ವನ ನಾಲಿಗೆಯಿಂದ ಗಂಟು ಬಿತ್ತು.

ಎಂಬತ್ನಾಲ್ಕರ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಷಣ್ಮುಖಪ್ಪ ಸ್ಟುಡಿಯೋಕ್ಕೆ ಬಂದು, ಮದುಮಗಳು ಕೂರುವ ಕುರ್ಚಿಯಲ್ಲಿ ಕೂತರು. ಕುರ್ಚಿ ಒಂದು ಸಲ ಅಯ್ಯೋ ಅಂದಿತು. ಕಲರ್ ಫೋಟೋ ಬಂದ ಮೇಲೆ ರೀಲುಗಳು ಬಸ್ಸು ಹತ್ತಿ ಬೆಂಗಳೂರಿನ ಲ್ಯಾಬಿಗೆ ಹೋಗುತ್ತಿದ್ದವು, ಫೋಟೋಗಳು ಬಸ್ಸಿಳಿದು ಬರುತ್ತಿದ್ದವು. ಡಾರ್ಕ್‌ರೂಮಿನ ಕೆಲಸ ಮುಗಿಯಿತಲ್ಲ, ಆ ಕೋಣೆ ಬಿಟ್ಟುಕೊಟ್ಟರೆ ಅಡಿಕೆ ಮೂಟೆ ಇಡಿಸುತ್ತೇನೆ ಅಂದರು ಷಣ್ಮುಖಪ್ಪ. ಬಾಡಿಗೆಯ ತಕರಾರೇನೂ ಇರಲಿಲ್ಲ. ಮೂಟೆಗೆ ಜಾಗ ಇರಲಿಲ್ಲ, ಅಷ್ಟೇ.

ಬೆನಕಪ್ಪ ಎದ್ದು ಡಾರ್ಕ್‌ರೂಮಿನ ಬಾಗಿಲಿಗೆ ಅಡ್ಡ ನಿಂತ. ಒಂದೇ ಒಂದು ಸಲ ಚುಕ್ಕಿಯ ರೀಲನ್ನು ಲ್ಯಾಬಿಗೆ ಕಳಿಸಿದ್ದ. ಅವರು ಅದರಲ್ಲಿ ಕತ್ತಲೆ ಬಿಟ್ಟು ಏನೂ ಕಾಣದೆ, ಚುಕ್ಕಿಗಳ ನಡುಮಧ್ಯಕ್ಕೆ ಕತ್ತರಿ ಹಾಕಿ, ‘ಖಾಲಿ’ ಅಂತ ಚೀಟಿ ಬರೆದು ಕಳಿಸಿದ್ದರು. ಈ ಕೋಣೆ ಹೋದರೆ ಅವನ ಆಕಾಶ ಹೋದಂತೆ.

“ಖಾಲಿ ಬಿದ್ದಿಲ್ಲ ಸಾವ್ಕಾರ್ರೆ. ಚುಕ್ಕಿ ಫೋಟೋ ತೊಳೀತೀನಿ ಅದರಾಗೆ. ಕೃತ್ತಿಕೆ ಹಿಡೀಬೇಕು ಅಂತ ಐತೆ. ಬರಿಗಣ್ಣಿಗೆ ಆರು ಕಾಣ್ತಾವೆ, ಫೋಟೋದಾಗೆ ನಲವತ್ತಕ್ಕೂ ಮೇಲೆ ಬರ್ತಾವಂತೆ.”

ಇದು ತಪ್ಪು ಮನುಷ್ಯನ ಎದುರಿಗೆ ಆಡಿದ ಮಾತು. ಷಣ್ಮುಖಪ್ಪನವರಿಗೆ ತಮ್ಮ ಹೆಸರಿನ ದೇವರ ಮೇಲೆ ಸ್ವಂತ ಚಿಕ್ಕಪ್ಪನ ಮೇಲಿರುವಷ್ಟು ಸಲಿಗೆ, ಅಭಿಮಾನ ಎರಡೂ ಇದ್ದವು.

“ಆರು ಮುಖದ ದೇವರಿಗೆ ಆರು ಜನ ಕೃತ್ತಿಕೆಯರು ಹಾಲು ಕುಡಿಸಿದ್ರು. ನಲವತ್ತು ಅಂತೀಯಲ್ಲ, ಮಿಕ್ಕಿದ ಮುಖ ಎಲ್ಲಿಂದ ತರಾನ? ಏಳನೇದು ಒಂದು ತೋರಿಸಪ್ಪ, ಸಾಕು. ಕೋಣೆ ನೀನಿರೋಗಂಟ ನಿಂದು. ತೋರಿಸ್ಲಿಲ್ಲ ಅಂದ್ರೆ ಸಂಕ್ರಾಂತಿ ಮಾರನೇ ದಿನ ಮೂಟೆ ಬರ್ತಾವೆ.”

ಆಗಲಿ ಅಂದ ಬೆನಕಪ್ಪ. ಸಂಕ್ರಾಂತಿಯೊಳಗೆ ಇದ್ದದ್ದು ಎರಡೇ ಅಮಾವಾಸ್ಯೆ.

ಆ ದಿನಗಳಲ್ಲಿ ಚನ್ನಗಿರಿಯ ಮೇಲೆ ಅಡಿಕೆ ಬೇಯಿಸುವ ಹೊಗೆ, ಅದರ ಮೇಲೆ ಕೆರೆಯ ಮಂಜು, ಅದರ ಮೇಲೆ ಬೀದಿ ದೀಪ. ಚಂದ್ರನೂ ದಾರಿ ಕೇಳಿಕೊಂಡು ಬರಬೇಕು. ಆಗ ನೆನಪಾದವನು ಜಗಳೂರು ಕಡೆಯ ಬಿಳಿಚೋಡಿನ ಬೋರಣ್ಣ. ವರ್ಷಕ್ಕೊಮ್ಮೆ ಕಂಬಳಿ ಮಾರಲು ಬರುವ ಕುರಿಗಾರ. ಒಮ್ಮೆ ತನ್ನ ಟಗರನ್ನು ಸ್ಟುಡಿಯೋಕ್ಕೆ ಎಳೆದು ತಂದು ಫೋಟೋ ಹಿಡಿಸಿದ್ದ. ಬೆನಕಪ್ಪನ ಕುರ್ಚಿಯ ಮುಂದೆ ಆ ಟಗರಿನಷ್ಟು ಗಂಭೀರವಾಗಿ ನಿಂತ ಮದುಮಗ ಇನ್ನೂ ಹುಟ್ಟಿಲ್ಲ. ಬೋರಣ್ಣನ ಹಟ್ಟಿಯ ಹಿಂದಿನ ದಿಬ್ಬದಲ್ಲಿ ದೀಪ ಇಲ್ಲ, ಮಂಜಿಲ್ಲ, ಆಕಾಶ ತೊಳೆದಿಟ್ಟ ಬಾಣಲೆ.

ಛಟ್ಟಿ ಅಮಾವಾಸ್ಯೆಯ ದಿನ ಬೆನಕಪ್ಪ ಹಲಗೆ, ರಷ್ಯಾದ ಜೆನಿಟ್ ಕ್ಯಾಮೆರಾ, ಅವ್ವ, ಮೂರನ್ನೂ ದಾವಣಗೆರೆ ಬಸ್ಸಿಗೆ ಏರಿಸಿ, ಅಲ್ಲಿಂದ ಜಗಳೂರು ಬಸ್ಸಿಗೆ ಬದಲಿಸಿ ಬಿಳಿಚೋಡು ಮುಟ್ಟಿಸಿದ. ಆ ಕ್ಯಾಮೆರಾ ಎಷ್ಟು ಭಾರವೆಂದರೆ ಕಂಡಕ್ಟರು ಅದಕ್ಕೂ ಅರ್ಧ ಟಿಕೇಟು ಕೇಳಿದ. ಕತ್ತಲಾದ ಮೇಲೆ ಕೃತ್ತಿಕೆ ಮೇಲೆದ್ದಳು. ಬೋರಣ್ಣ ಪಕ್ಕದಲ್ಲಿ ಕೂತು, ಕುರಿಗಿಂತ ಇವನ್ನ ಎಣಿಸೋದು ಸಲೀಸು, ಇವು ಅಡ್ಡಾಡಂಗಿಲ್ಲ ಅಂದ. ಅಡ್ಡಾಡ್ತಾವೆ, ಅದಕ್ಕೇ ಈ ಹಲಗೆ ಹೊತ್ತುಬಂದದ್ದು ಅಂದ ಬೆನಕಪ್ಪ.

ಮೊದಲ ಫೋಟೋಕ್ಕೆ ಅವ್ವನ ಜಪ ನೇರವಾಗಿ ನಡೆಯಿತು. ಎರಡನೆಯದಕ್ಕೆ ಚಳಿ ಹಿಡಿಯಿತು. ಹಲ್ಲು ಕಟಕಟ ಅನ್ನತೊಡಗಿ ಜಪಕ್ಕೆ ಓಟ ಬಂತು. ಮೂರನೆಯದರಲ್ಲಿ ಶಿವನೇ ಸ್ವಲ್ಪ ತಡಿಯವ್ವ ಅನ್ನಬೇಕಾದ ವೇಗ. ಊರಿಗೆ ಬಂದು ತೊಳೆದು ನೋಡಿದರೆ ಎರಡು ಹಾಳು, ಒಂದು ಮಾತ್ರ ಮುತ್ತು. ನೆಗೆಟಿವಿನಲ್ಲಿ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆಗಳು.

ರೀಲು ಒಣಗಲು ನೇತುಹಾಕಿ, ಎಣಿಸುವುದಕ್ಕೂ ಪುರುಸೊತ್ತಿಲ್ಲದೆ ಬೆನಕಪ್ಪ ಬಸ್ಸಿಗೆ ಓಡಿದ. ನ್ಯಾಮತಿಯಲ್ಲಿ ಮದುವೆ ಒಪ್ಪಿಕೊಂಡಿದ್ದ. ಚುಕ್ಕಿಯ ನೆಗೆಟಿವು ಅದುವರೆಗೆ ಹೆಂಡತಿಯ ಕೈಗೆ ಬಂದಿರಲಿಲ್ಲ, ಷಣ್ಮುಖಪ್ಪನವರ ಪಂದ್ಯದ ಸುದ್ದಿಯೂ ಅವಳಿಗೆ ಗೊತ್ತಿರಲಿಲ್ಲ. ಹೋಗುವಾಗ ಅವಳಿಗೆ ಹೇಳಿದ್ದು ಇಷ್ಟೇ: ಆ ನೆಗೆಟಿವಿನಲ್ಲಿ ಕೃತ್ತಿಕೆ ಇದೆ, ಒಂದು ದೂಳು ಕೂರದ ಹಾಗೆ ನೋಡಿಕೋ.

ರುದ್ರಾಣಿ ನೋಡಿಕೊಂಡಳು. ಎರಡು ಹಗಲು ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ನೋಡಿಕೊಂಡಳು. ಬೆನಕಪ್ಪ ನ್ಯಾಮತಿಯಿಂದ ತಿರುಗಿ ಬಂದಾಗ ಸ್ಟುಡಿಯೋದ ಮುಂದಿನ ಗಾಜಿನೊಳಗೆ ದೊಡ್ಡ ಫೋಟೋ ನಿಂತಿತ್ತು. ಇದ್ದಿಲಿನಂಥ ಕಪ್ಪು, ಅದರ ನಡುವೆ ಮದುಮಗಳ ಮೂಗುಬೊಟ್ಟಿನಂತೆ ಆರು ಚುಕ್ಕಿ. ಸರಿಯಾಗಿ ಆರು. ಎದುರಿಗೆ ಷಣ್ಮುಖಪ್ಪ ಕೈಕಟ್ಟಿ ನಿಂತು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಎಣಿಸುತ್ತಿದ್ದರು.

“ಬೆನಕಪ್ಪ, ನಿನ್ನ ಕ್ಯಾಮೆರಾ ನಿನಗಿಂತ ದೈವಭಕ್ತ ಐತೆ ನೋಡು.”

ಬೆನಕಪ್ಪ ಒಳಗೆ ಹೋಗಿ ನೆಗೆಟಿವನ್ನು ದೀಪಕ್ಕೆ ಹಿಡಿದ. ಮೈಯೆಲ್ಲ ಸಣ್ಣ ಸಣ್ಣ ಕೆರೆತ.

“ಇದರಾಗಿನ ಚುಕ್ಕೆ ಎಲ್ಲಿ ಹೋದ್ವು ರುದ್ರಾಣಿ?”

“ತೆಗೆದೆ ಕಣ್ರಿ. ಸಿಡುಬು ಎದ್ದ ಮಾರಿ ಹಂಗಿತ್ತು. ಡೆವಲಪರ್ ಸರಿಯಾಗಿ ಸೋಸಿದ್ದಿಲ್ಲ ಅಂತ ಕಾಣ್ತೈತೆ ನೀವು. ಕೃತ್ತಿಕೆ ಅಂದ್ರೆ ಆರೇ ಅಲ್ವೇನ್ರಿ, ಅವನ್ನ ಬಿಟ್ಟು ಮಿಕ್ಕಿದ್ದು ಒಂದೊಂದೇ ಕೆರೆದೆ. ಚಾಕು ಮೂರು ಸಲ ಮಸೆದೆ.”

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಟ್ರೇ ಕವುಚಿ ಹಾಕಿ ಅದರ ಮೇಲೆ ಕೂತು, ನೀನು ಕೆರೆದದ್ದೇ ಚುಕ್ಕಿ ಕಣೆ ಅಂದ, ಮೆಲ್ಲಗೆ. ರುದ್ರಾಣಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ನೆಗೆಟಿವನ್ನು ತಿರುಗಿ ತಿರುಗಿ ನೋಡಿದಳು. ಇಷ್ಟು ವರ್ಷ ಒಂದು ಗೀರೂ ಬೀಳದಂತೆ ಕೆಲಸ ಮಾಡಿದ ಕೈ ಅದು. ಆ ರಾತ್ರಿ ಒಲೆ ಹಚ್ಚಿದಳು, ರೊಟ್ಟಿ ತಟ್ಟಿದಳು, ಯಾರೂ ತಿನ್ನಲಿಲ್ಲ.

ಬೆಳಿಗ್ಗೆ ಬೆನಕಪ್ಪ ಮಾಡಿದ ಕೆಲಸಕ್ಕೆ ಊರೇ ನಕ್ಕಿತು. ಗಾಜಿನೊಳಗಿನ ಫೋಟೋ ತೆಗೆದು ಷಣ್ಮುಖಪ್ಪನವರ ಅಡಿಕೆ ಮಂಡಿಗೆ ಒಯ್ದು, ಇದು ಸುಳ್ಳು ಫೋಟೋ ಸಾವ್ಕಾರ್ರೆ, ನಮ್ಮ ಮನೆಯವಳು ಟಚಿಂಗ್ ಮಾಡಿದ್ದಾಳೆ ಅಂದ. ಷಣ್ಮುಖಪ್ಪ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

“ಅಂದ್ರೆ ನಿಮ್ಮ ಅಂಗಡಿ ಫೋಟೋ ನಂಬಂಗಿಲ್ಲ ಅಂತ ನೀನೇ ಹೇಳ್ದಂಗಾತು. ನಾಳೆ ನಲವತ್ತು ತೋರಿಸಿದ್ರೂ ನಾನು ಹೆಂಗೆ ನಂಬಲಿ? ಮುಖದ ಮೇಲಿನ ಮಚ್ಚೆ ಅಳಿಸೋ ಕೈಗೆ ಆಕಾಶದಾಗೆ ಮಚ್ಚೆ ಇಡಾಕೆ ಎಷ್ಟೊತ್ತು?”

ಮಾತು ನ್ಯಾಯವಾಗಿಯೇ ಇತ್ತು. ಬೆನಕಪ್ಪ ತಾನೇ ಕರಾರು ಹಾಕಿದ. ಎಳ್ಳಮಾವಾಸ್ಯೆಗೆ ಹಿಡಿದ ರೀಲನ್ನು ಕ್ಯಾಮೆರಾದಿಂದ ತೆಗೆಯದೆ ನೇರ ಇದೇ ಮೇಜಿನ ಮೇಲೆ ತಂದಿಡುತ್ತೇನೆ; ನೀವು ಡಾರ್ಕ್‌ರೂಮಿನೊಳಗೆ ಕೂತು, ಮೊದಲಿಂದ ಕೊನೆಯವರೆಗೆ ನೋಡಿ. ರುದ್ರಾಣಿ ಹತ್ತಿರ ಬರುವುದಿಲ್ಲ. ಅದೇ ಕೃತ್ತಿಕೆಯನ್ನು ಎರಡು ಸಲ ಹಿಡಿದು ತರುತ್ತೇನೆ. ದೂಳಾದರೆ ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ, ಇದ್ದರೂ ಅದೇ ಜಾಗದಲ್ಲಿ ಇರುವುದಿಲ್ಲ. ಚುಕ್ಕಿಯಾದರೆ ಎರಡರಲ್ಲೂ ಅಲ್ಲೇ ಇರುತ್ತದೆ. ಈ ಕೊನೆಯ ಮಾತು ರುದ್ರಾಣಿಯದು. ರಾತ್ರಿಯೆಲ್ಲ ಮಲಗದೆ ಯೋಚಿಸಿ, ಬೆಳಗ್ಗೆ ಗಂಡನ ಕಡೆ ಮುಖ ಮಾಡದೆ ಹೇಳಿದ್ದು.

ಎಳ್ಳಮಾವಾಸ್ಯೆಗೆ ಮತ್ತೆ ಬಿಳಿಚೋಡು. ಈ ಸಲ ಬೆನಕಪ್ಪನಿಗೆ ನಿದ್ದೆಯಲ್ಲೂ ಭಯ ಇದ್ದದ್ದು ಚಳಿಯದು. ಬೋರಣ್ಣ ಅದನ್ನು ಕೇಳಿ, ಕಂಬಳಿ ಬ್ಯಾಡ ಬಿಡ್ರಿ ಅಂತ ಹೇಳಿ ದ್ಯಾಮಮ್ಮನನ್ನು ಎತ್ತಿದಂತೆ ಮಾಡಿ ಕುರಿ ಹಟ್ಟಿಯ ನಡುವೆ ಕೂರಿಸಿದ. ಸುತ್ತ ನೂರಿಪ್ಪತ್ತು ಕುರಿ, ತೊಡೆಯ ಮೇಲೆ ಒಂದು ಮರಿ. ಅಂಥ ಬೆಚ್ಚನೆಯ ಹಾಸಿಗೆ ಮೈಸೂರು ಮಹಾರಾಜರಿಗೂ ಸಿಕ್ಕಿರಲಿಲ್ಲ. ಕೃತ್ತಿಕೆ ನೆತ್ತಿಗೆ ಬಂದಳು. ಹಟ್ಟಿಯೊಳಗಿನಿಂದ ಹತ್ತಕ್ಕೊಂದು ‘ಶಿವಾ’ ಎದ್ದು ಬಂತು, ಬೆನಕಪ್ಪನ ಬೆರಳು ಕಾಲು ಸುತ್ತು ತಿರುಗಿತು. ಹತ್ತು ನಿಮಿಷ. ಉಸಿರು ಬಿಟ್ಟ. ಮತ್ತೆ ಹತ್ತು ನಿಮಿಷ. ಬೋಲ್ಟು ಹಿಡಿದ ಬೆರಳು ಮರಗಟ್ಟಿತು, ಬಿಡಲಿಲ್ಲ. ಸೊಳ್ಳೆಯೊಂದು ಹುಬ್ಬಿನ ಮೇಲೆ ಕೂತು ಹಬ್ಬದ ಊಟ ಮಾಡಿ ಎದ್ದು ಹೋಯಿತು, ಕೈ ಎತ್ತಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಕ್ಯಾಮೆರಾ ಷಣ್ಮುಖಪ್ಪನವರ ಮೇಜಿನ ಮೇಲಿತ್ತು. ಅವರು ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಊಟ ಮುಗಿಸಿ, ಬೀಗ ತೆಗೆದು, ತಾವೇ ಎದೆಗವಚಿಕೊಂಡು ಸ್ಟುಡಿಯೋಕ್ಕೆ ತಂದರು. ರುದ್ರಾಣಿ ಯಾರೂ ಕೇಳುವ ಮೊದಲೇ ತನ್ನ ಪೆನ್ಸಿಲು, ಚಾಕು, ಕುಂಚ ಎಲ್ಲವನ್ನೂ ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದಳು. ಷಣ್ಮುಖಪ್ಪ ತಾಂಬೂಲ ತೆಗೆದುಕೊಂಡಂತೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

ತಮ್ಮದೇ ಆದ ಆ ಕೋಣೆಯೊಳಗೆ ಹನ್ನೊಂದು ವರ್ಷದಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು. ಹೊಟ್ಟೆ ಮೊದಲು ಹೋಯಿತು, ಆಮೇಲೆ ಅವರು, ಉಳಿದ ಸಂದಿಯಲ್ಲಿ ಬೆನಕಪ್ಪ. ರೀಲನ್ನು ಡಬ್ಬಿಗೆ ಸುತ್ತುವಾಗ ಕೆಂಪು ದೀಪವೂ ಇರಬಾರದು. ಆ ಗಾಢ ಕತ್ತಲಲ್ಲಿ ಷಣ್ಮುಖಪ್ಪ ಒಂದು ಕೈಯಿಂದ ಬೆನಕಪ್ಪನ ಮುಂಗೈ ಹಿಡಿದಿದ್ದರು. ಮೋಸ ತಡೆಯುವುದಕ್ಕೆ ಅಂತ ಹಿಡಿದದ್ದು, ಸ್ವಲ್ಪ ಹೊತ್ತಿಗೆ ಹೆದರಿಕೆಗೆ ಬಿಗಿಯಾಯಿತು. ರೀಲು ತೊಳೆದು ಒಣಗಿಸಲು ನೇತುಹಾಕಿದ ಮೇಲೆ ಅದರ ಕೆಳಗೆ ಕುರ್ಚಿ ಹಾಕಿಸಿಕೊಂಡು, ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು ಮೂರು ಗಂಟೆ ಕಾವಲು ಕೂತರು. ನೊಣ ಬಂದರೂ ಯಾರ ಕಡೆಯದು ಅಂತ ವಿಚಾರಿಸಿ ಬಿಟ್ಟರು.

ಆಮೇಲೆ ಕೆಂಪು ದೀಪ. ನೆಗೆಟಿವ್ ಹಿಗ್ಗಿಸುವ ಎನ್‌ಲಾರ್ಜರಿನಲ್ಲಿ ಬೆಳಕು ಬೀಳಿಸಿದ ಕಾಗದವನ್ನು ಬೆನಕಪ್ಪ ಟ್ರೇಯೊಳಗೆ ಇಳಿಬಿಟ್ಟ. ಬಿಳಿ ಕಾಗದ ಬಿಳಿಯಾಗಿಯೇ ತೇಲಿತು. ಏನೂ ಇಲ್ವಲ್ಲ ಅಂತ ಷಣ್ಮುಖಪ್ಪ ಬಾಯಿ ತೆರೆಯುವಷ್ಟರಲ್ಲಿ ಕಾಗದದ ಮೇಲೆ ಮುಸ್ಸಂಜೆ ಇಳಿಯಿತು. ಬೂದಿ ಬಣ್ಣ, ಆಮೇಲೆ ಹೊಗೆ ಬಣ್ಣ, ಆಮೇಲೆ ಕಪ್ಪು. ಕಪ್ಪಾಗಲು ಒಪ್ಪದ ಜಾಗಗಳು ಅಲ್ಲಲ್ಲೇ ಉಳಿದವು. ಆರು ದೊಡ್ಡವು. ಅವುಗಳ ಪಕ್ಕ ಒಂದು. ಅದರ ಕೆಳಗೆ ಎರಡು. ಮಗ್ಗುಲಿಗೆ ಸಾಲಾಗಿ ನಾಲ್ಕು.

ಷಣ್ಮುಖಪ್ಪ ಜೇಬಿನಿಂದ ರುದ್ರಾಣಿಯ ಪೆನ್ಸಿಲು ತೆಗೆದರು. ಮೂಟೆ ಎಣಿಸುವ ರೂಢಿಯಂತೆ ಗೋಡೆಯ ಮೇಲೆ ಐದೈದು ಗೀಟು ಎಳೆಯುತ್ತಾ ಹೋದರು. ಇಪ್ಪತ್ತೆರಡರಲ್ಲಿ ನಿಂತು, ಇದು ದೂಳು ಅಂದರು. ಎರಡನೆಯ ಫೋಟೋ ತೊಳೆದು ಪಕ್ಕದಲ್ಲಿಟ್ಟರು. ಅದೇ ಚುಕ್ಕಿ ಅದೇ ಜಾಗದಲ್ಲಿತ್ತು. ಮೂವತ್ತೊಂದನೆಯದು ಎರಡನೆಯದರಲ್ಲಿ ಇರಲಿಲ್ಲ. ಅದು ದೂಳೇ ಅಂತ ಬೆನಕಪ್ಪನೇ ಒಪ್ಪಿಕೊಂಡ, ಒಂದು ಗೀಟು ಅಳಿಸಿದರು. ಕೊನೆಗೆ ನಲವತ್ತಾರಕ್ಕೆ ಬಂದು, ಕಣ್ಣೊರೆಸಿಕೊಂಡು, ಅಂಚಿನಲ್ಲಿ ಇನ್ನೂ ಇದಾವೆ, ನನ್ನ ಕಣ್ಣಿಗೆ ಆಗೋದಿಲ್ಲ ಅಂದರು.

ಬಾಗಿಲು ತೆರೆದು ಹೊರಗೆ ಬಂದಾಗ ಅವರ ಮುಖದಲ್ಲಿ ಸೋತ ಕಳೆ ಇರಲಿಲ್ಲ, ಹೆರಿಗೆ ಮನೆಯ ಬಾಗಿಲಲ್ಲಿ ನಿಂತವರ ಕಳೆ ಇತ್ತು. ಅಲ್ಲೇ ನಿಂತು ತೀರ್ಪು ಹೇಳಿದರು.

“ಹಾಲು ಕುಡಿಸಿದೋರು ಆರೇ ಜನ. ಅದರಾಗೆ ಬದಲಿಲ್ಲ. ಮಿಕ್ಕೋರು ತೊಟ್ಟಿಲು ತೂಗಾಕೆ ಬಂದೋರು. ದೇವರ ಬಾಣಂತನ ಅಂದ್ರೆ ಜನ ಸೇರದೆ ಇರ್ತಾರಾ? ಕೋಣೆ ಇಟ್ಕಳಪ್ಪ. ಮೂಟೆ ನಮ್ಮ ಪಡಸಾಲೆಗೆ ಹಾಕಿಸ್ತೀನಿ.”

ಪಡಸಾಲೆಯ ಸುದ್ದಿ ಅವರ ಹೆಂಡತಿ ಪ್ರೇಮಮ್ಮನಿಗೆ ಇನ್ನೂ ಮುಟ್ಟಿರಲಿಲ್ಲ. ಬೆನಕಪ್ಪ ಗೋಡೆಗೊರಗಿ ನಿಂತ.

ಷಣ್ಮುಖಪ್ಪ ಜೇಬಿನಿಂದ ಚಾಕು ತೆಗೆದು ರುದ್ರಾಣಿಯ ಕೈಗಿಟ್ಟು, ದನಿ ಇಳಿಸಿ ಇನ್ನೊಂದು ಕೇಳಿದರು. ಗಾಜಿನೊಳಗೆ ನಲವತ್ತಾರೂ ಇರಲಿ. ತಮ್ಮ ದೇವರ ಮನೆಗೆ ಮಾತ್ರ ಆರೇ ಇರುವಂತೆ ಒಂದು ಮಾಡಿಕೊಡಬೇಕು, ಮಿಕ್ಕವನ್ನು ಅವಳು ಮೊದಲಿನಂತೆ ನಯವಾಗಿ ತೆಗೆದರಾಯಿತು.

ರುದ್ರಾಣಿ ಚಾಕುವನ್ನು ಅದರ ಒರೆಯೊಳಗೆ ಸೇರಿಸಿ ಕಪಾಟಿನಲ್ಲಿಟ್ಟಳು.

“ನಾನು ಇನ್ನು ಒಂದನ್ನೂ ಕೆರೆಯಂಗಿಲ್ಲ ಸಾವ್ಕಾರ್ರೆ. ತೊಟ್ಟಿಲು ತೂಗಾಕೆ ಬಂದೋರು ಬ್ಯಾಡಾದ್ರೆ, ಎದ್ದು ಹೋಗ್ರಿ ಅಂತ ಅವರಿಗೆ ನೀವೇ ಹೇಳ್ರಿ.”

ಷಣ್ಮುಖಪ್ಪ ಫೋಟೋ ನೋಡಿದರು, ರುದ್ರಾಣಿಯನ್ನು ನೋಡಿದರು. ಆಮೇಲೆ ಇನ್ನೂ ಹಸಿಯಾಗಿದ್ದ ನಲವತ್ತಾರರ ಫೋಟೋವನ್ನೇ ಎರಡೂ ಅಂಗೈಯ ಮೇಲೆ ಎತ್ತಿಕೊಂಡು ಮೆಟ್ಟಿಲಿಳಿದರು. ಬೀದಿಯಲ್ಲಿ ಸಂಜೆ ಬಿಸಿಲು ಇನ್ನೂ ಇತ್ತು. ಡಾರ್ಕ್‌ರೂಮಿನಲ್ಲಿ ಅರ್ಧ ದಿನ ಕೂತು ಬಂದ ಮನುಷ್ಯ. ಬೆಳಕು ತಾಗಿದರೆ ಎಲ್ಲ ಅಳಿಸಿಹೋಗುತ್ತದೆ ಅಂತ ಗಾಬರಿಯಾಗಿ, ಹೆಗಲ ಮೇಲಿನ ವಲ್ಲಿ ತೆಗೆದು ಅದರ ಮೇಲೆ ಮುಚ್ಚಿದರು. ಹೈಪೋದಲ್ಲಿ ತೊಳೆದ ಫೋಟೋವನ್ನು ಇನ್ನು ಸೂರ್ಯನೂ ಏನೂ ಮಾಡಲಾರ ಅಂತ ಬೆನಕಪ್ಪ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಗಾಳಿಗೂ ಬೆನ್ನು ಕೊಟ್ಟು, ಗೋಡೆಯ ನೆರಳು ಹಿಡಿದು, ಎದುರಿಗೆ ಬಂದ ಗಾಡಿಗಳನ್ನೆಲ್ಲ ನಿಲ್ಲಿಸುತ್ತಾ ಅವರು ಮೆಲ್ಲಗೆ ಮನೆ ಕಡೆ ನಡೆದರು.